ಜಪಾನಿನ ಗುಂಡಿ, ಬ್ರೆಜಿಲ್ಲಿನ ಬಡಿತ

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಗಾಳಿಮರದ ತೋಪು, ಟೊಂಕದ ಮೀನುಗಾರಿಕೆ ಬಂದರು. ಚೌತಿ ಹಬ್ಬದ ದಿನಗಳಲ್ಲಿ ಈ ಕರಾವಳಿಯ ಊರುಗಳಲ್ಲಿ ಗಣಪತಿ ಕೂತ ಪೆಂಡಾಲಿನ ಮುಂದೆ ಒಂದು ಸಂಜೆಯಾದರೂ ರಸಮಂಜರಿ ಕಾರ್ಯಕ್ರಮ ಇರಲೇಬೇಕು. ಮೈಕಿನವರು 'ಹಲೋ, ಚೆಕ್' ಎಂದು ಮುಗಿಸುವ ಹೊತ್ತಿಗೆ ವೇದಿಕೆಯ ಬಲಬದಿಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕರಿಯ ಹಲಗೆಯಂಥದೊಂದು ವಾದ್ಯ ಸಿದ್ಧವಾಗಿರುತ್ತದೆ. ಅದರ ಹಿಂದೆ ನಿಂತ ಹುಡುಗನಿಗೆ ಊರಿನಲ್ಲಿ 'ಕ್ಯಾಸಿಯೊ ನುಡಿಸುವವ' ಎಂದೇ ಹೆಸರು. ವಾದ್ಯದ ಮೇಲೆ ಯಮಹಾ ಎಂದು ಬರೆದಿದ್ದರೂ, ರೋಲ್ಯಾಂಡ್ ಎಂದು ಬರೆದಿದ್ದರೂ ಜನರ ಬಾಯಲ್ಲಿ ಅದು ಕ್ಯಾಸಿಯೊ.

ಮೊದಲಿಗೆ ಗಣೇಶ ಸ್ತುತಿ, ಬಳಿಕ ಒಂದು ಭಾವಗೀತೆ. ಗಾಯಕಿ ಶ್ರುತಿ ಕೇಳುತ್ತಾಳೆ. ಹುಡುಗ ಎಡಗೈಯಿಂದ ಒಂದು ಗುಂಡಿ ಒತ್ತುತ್ತಾನೆ. 'ಟಕ್... ಟಕ್... ಟಕ್...' ಎಂಬ ತೆಳುವಾದ, ತುಸು ಓಲಾಡುವ ಬಡಿತ ಶುರುವಾಗುತ್ತದೆ. ಮಲೆನಾಡಿನ ಮಳೆಯ ಮೇಲೋ, ಬೆಳದಿಂಗಳ ಮೇಲೋ ಬರೆದ ಕನ್ನಡದ ಹಾಡು ಆ ಬಡಿತದ ಮೇಲೆ ತೇಲಿಕೊಂಡು ಹೋಗುತ್ತದೆ. ಸಭೆಯಲ್ಲಿ ಕೂತವರು ಇದನ್ನು 'ವೆಸ್ಟರ್ನ್ ಬೀಟ್' ಎಂದು ಕರೆದು ಸುಮ್ಮನಾಗುತ್ತಾರೆ. ಆದರೆ ಆ ಗುಂಡಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಹೆಸರು 'ಬೋಸಾ ನೋವಾ'. ಇಂಗ್ಲೆಂಡಿಗಾಗಲಿ ಜರ್ಮನಿಗಾಗಲಿ ಸಂಬಂಧವೇ ಇಲ್ಲದ ಹೆಸರು. ಆಫ್ರಿಕದಲ್ಲಿ ಬೇರುಬಿಟ್ಟು, ಬ್ರೆಜಿಲ್ಲಿನಲ್ಲಿ ಬೆಳೆದು, ಜಪಾನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಸೇರಿ, ಅರಬ್ಬೀ ಸಮುದ್ರದ ದಂಡೆಗೆ ಬಂದಿಳಿದ ಬಡಿತ ಅದು.

ಬಂದ ದಾರಿಯನ್ನು ಹುಡುಕುತ್ತ ಹೋದರೆ ಮೊದಲು ಸಿಗುವುದು ಭಟ್ಕಳ. ಹೊರದೇಶದ ಎಲೆಕ್ಟ್ರಾನಿಕ್ ಸಾಮಾನುಗಳ ಆಮದಿಗೆ 1991ಕ್ಕೆ ಮೊದಲು ಬಿಗಿಯಾದ ಕಟ್ಟುಪಾಡು ಇತ್ತು. ಪೇಟೆಯಲ್ಲಿ ದುಡ್ಡು ಕೊಟ್ಟರೂ ಇಂಥ ವಾದ್ಯ ಸುಲಭವಾಗಿ ದೊರೆಯುತ್ತಿರಲಿಲ್ಲ. ಆದರೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಸಂಖ್ಯೆ ದೊಡ್ಡದು. ಎರಡು ವರ್ಷಕ್ಕೊಮ್ಮೆ ರಜೆಗೆ ಬರುವವರ ಹಗ್ಗ ಬಿಗಿದ ಪೆಟ್ಟಿಗೆಯಲ್ಲಿ ಅತ್ತರು, ಟಾರ್ಚು, ಟೇಪ್ ರೆಕಾರ್ಡರುಗಳ ಜತೆಗೆ ಮಕ್ಕಳಿಗೆಂದು ತಂದ ಒಂದು ಪುಟ್ಟ ಕ್ಯಾಸಿಯೊ ಇರುತ್ತಿದ್ದುದುಂಟು. ಆಟಿಕೆಯೆಂದು ಬಂದದ್ದು ಕೆಲವು ಮನೆಗಳಲ್ಲಿ ಆಟಿಕೆಯಾಗಿಯೇ ಮುಗಿಯಿತು. ಕೆಲವು ಕಡೆ ಭಜನಾ ಮಂಡಳಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಕಡೆಗೆ ಆರ್ಕೆಸ್ಟ್ರಾ ತಂಡಕ್ಕೆ ಕೈದಾಟಿತು.

ಜಪಾನಿನ ವಾದ್ಯ ನಮ್ಮ ಮನೆಯೊಳಗೆ ಬಂದದ್ದು ಇದೇ ಮೊದಲಲ್ಲ. ಹಳಬರ ಮನೆಯ ಅಟ್ಟದ ಮೇಲೆ ಬುಲ್‌ಬುಲ್ ತರಂಗ ಸಿಕ್ಕೀತು. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ತಂತಿಗಳು, ತಂತಿಯನ್ನು ಒತ್ತಲು ಟೈಪ್‌ರೈಟರಿನಂಥ ಗುಂಡಿಗಳು. ಹೆಸರು ಕೇಳಿದರೆ ಅಪ್ಪಟ ಹಿಂದುಸ್ತಾನಿ. ಆದರೆ ಅದರ ಮೂಲ 1912ರಲ್ಲಿ ಜಪಾನಿನ ನಗೋಯಾ ನಗರದ ಗೊರೊ ಮೊರಿಟಾ ಎಂಬ ಸಂಗೀತಗಾರ ರೂಪಿಸಿದ 'ತೈಶೋಗೋತೊ'. ಆ ವರ್ಷ ಅಲ್ಲಿ ತೈಶೋ ಚಕ್ರವರ್ತಿಯ ಆಳ್ವಿಕೆ ಶುರುವಾಗಿತ್ತು, ಅದಕ್ಕೇ ಆ ಹೆಸರು. ಅದು ಭಾರತಕ್ಕೆ ಬಂದು, ಹೆಸರು ಬದಲಿಸಿಕೊಂಡು, ಸಿನಿಮಾ ಧಾಟಿಗಳನ್ನೂ ದೇವರನಾಮಗಳನ್ನೂ ನುಡಿಸಿತು. ಅದರ ಹುಟ್ಟೂರನ್ನು ಯಾರೂ ವಿಚಾರಿಸಲಿಲ್ಲ. ಕ್ಯಾಸಿಯೊ ವಿಷಯದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಹಾಗೆಯೇ. ವ್ಯತ್ಯಾಸವೇನೆಂದರೆ ಬುಲ್‌ಬುಲ್ ಬರೇ ಸ್ವರವನ್ನು ತಂದಿತ್ತು, ಕ್ಯಾಸಿಯೊ ತನ್ನ ತಾಳವನ್ನೂ ಹೊತ್ತುಕೊಂಡೇ ಬಂತು.

ಗೇರುಮರದ ಊರಿನಿಂದ

ಬ್ರೆಜಿಲ್ ಎಂದರೆ ಕಾಸರಕೋಡದವರಿಗೆ ಫುಟ್‌ಬಾಲು ಬಿಟ್ಟರೆ ಬೇರೇನೂ ನೆನಪಾಗಲಿಕ್ಕಿಲ್ಲ. ಆದರೆ ಬ್ಯಾಣದಲ್ಲಿ ನಿಂತ ಗೇರುಮರ ಬ್ರೆಜಿಲ್ಲಿನದು. ಪೋರ್ಚುಗೀಸರು ತಂದು ಪಶ್ಚಿಮ ಕರಾವಳಿಯಲ್ಲಿ ಬಿತ್ತಿದ್ದು. 1500ರಲ್ಲಿ ಭಾರತಕ್ಕೆಂದು ಹೊರಟ ಪೆದ್ರು ಅಲ್ವಾರಿಸ್ ಕಬ್ರಾಲನ ಹಡಗುಗಳು ಏಪ್ರಿಲ್ ತಿಂಗಳಲ್ಲಿ ಬ್ರೆಜಿಲ್ ತೀರವನ್ನು ಮುಟ್ಟಿದವು. ಅಲ್ಲಿಂದ ಆಫ್ರಿಕವನ್ನು ಬಳಸಿ ಬಂದ ಅದೇ ಹಡಗುಪಡೆ ಆಗಸ್ಟ್ ತಿಂಗಳಲ್ಲಿ ತಂಗಿದ್ದು ನಮ್ಮ ಕಾರವಾರದ ಹತ್ತಿರದ ಅಂಜದೀವ ನಡುಗಡ್ಡೆಯಲ್ಲಿ. ಕಲ್ಲಿಕೋಟೆಗೆ ಹೋದದ್ದು ಆಮೇಲೆ. ಬ್ರೆಜಿಲ್ಲಿಗೂ ಉತ್ತರ ಕನ್ನಡಕ್ಕೂ ಒಂದೇ ವರ್ಷ ಒಂದೇ ಹಡಗುಪಡೆ ಭೇಟಿ ಕೊಟ್ಟಿತ್ತೆಂಬುದು ಪಾಠಪುಸ್ತಕದಲ್ಲಿ ಬಾರದ ಸೋಜಿಗ.

ಆ ಹಡಗುಗಳ ಹಿಂದೆ ಬಂದ ಹಡಗುಗಳು ಗೇರುಬೀಜದಷ್ಟು ನಿರುಪದ್ರವಿ ಸರಕನ್ನೇ ಹೊತ್ತು ತರಲಿಲ್ಲ. ಮುಂದಿನ ಮೂರು ಶತಮಾನಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಗುಲಾಮರನ್ನಾಗಿ ಬ್ರೆಜಿಲ್ಲಿಗೆ ಸಾಗಿಸಲಾಯಿತು. ಅವರು ಸಂಗಡ ಒಯ್ಯಲು ಸಾಧ್ಯವಾದದ್ದು ತಮ್ಮ ತಾಳಜ್ಞಾನವನ್ನು ಮಾತ್ರ. ಗೋವೆಯ ಮಾರ್ಗವಾಗಿ ಆಫ್ರಿಕನ್ನರು ನಮ್ಮ ಕಡೆಗೂ ಬಂದರು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಇರುವ ಸಿದ್ದಿ ಜನರ ಡಮಾಮಿ ಅದಕ್ಕೆ ಸಾಕ್ಷಿ. ಹಬ್ಬಕ್ಕೆ ಡಮಾಮಿ ಬಾರಿಸಿ ಕುಣಿಯುವ ಸಿದ್ದಿಗಳೂ ರಿಯೊ ನಗರದ ಬೀದಿಯಲ್ಲಿ ಸಾಂಬಾ ಕುಣಿಯುವವರೂ ಬಹು ದೂರದ ದಾಯಾದಿಗಳೆಂದರೆ ತಪ್ಪಾಗದು.

ಸಾಂಬಾ ಎಂದರೆ ಹಲವು ಚರ್ಮವಾದ್ಯಗಳ ಮೇಳ. 'ಸುರ್ದು' ಎಂಬ ದೊಡ್ಡ ನಗಾರಿ ನಡಿಗೆಯನ್ನು ಹಿಡಿಯುತ್ತದೆ. ಅಂಗೈಯಗಲದ 'ತಂಬೊರಿಂ' ಅದರ ಮೇಲೆ ತುಂಟತನದ ಪೆಟ್ಟುಗಳನ್ನು ಎರಚುತ್ತದೆ. ನಡುವೆ ಗಿಲಕಿ, ಗಂಟೆ, ಉಜ್ಜುವ ವಾದ್ಯಗಳು. 1950ರ ದಶಕದ ಕೊನೆಗೆ ರಿಯೊ ನಗರದಲ್ಲಿ ಜೊವಾವ್ ಜಿಲ್ಬೆರ್ತೊ ಎಂಬ ಗಿಟಾರುವಾದಕ ಈ ಇಡೀ ಗದ್ದಲವನ್ನು ಒಂದು ಗಿಟಾರಿನೊಳಗೆ ಇಳಿಸಿದ. ಹೆಬ್ಬೆರಳು ನಗಾರಿಯ ಕೆಲಸ ಮಾಡಿತು, ಉಳಿದ ಬೆರಳುಗಳು ತಂಬೊರಿಮಿನ ಕೆಲಸ. ಹಾಡುಗಾರಿಕೆಯೋ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಎಚ್ಚರವಾಗಬಾರದು ಎಂಬಷ್ಟು ಮೆಲ್ಲಗೆ. ಆಂಟೋನಿಯೊ ಕಾರ್ಲೋಸ್ ಜೊಬಿಂ ಸ್ವರ ಹಾಕಿದ, ಕವಿ ವಿನಿಸಿಯಸ್ ದ ಮೊರೈಸ್ ಬರೆದ ಗೀತೆಯನ್ನು ಆತ 1958ರಲ್ಲಿ ಹೀಗೆ ಹಾಡಿ ಮುದ್ರಿಸಿದ್ದು ಹೊಸ ಶೈಲಿಯ ಆರಂಭವಾಯಿತು. 'ಬೋಸಾ ನೋವಾ' ಎಂದರೆ ಹೊಸ ಪರಿ ಎಂದೇ ಅರ್ಥ. 1962ರ ಹೊತ್ತಿಗೆ ಅದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತಲುಪಿತ್ತು. ನಮ್ಮ ಮುಂಬಯಿಗೂ ಬರಲು ತಡವಾಗಲಿಲ್ಲ. ಅಲ್ಲಿನ ಹೋಟೆಲುಗಳಲ್ಲೂ ಸಿನಿಮಾ ವಾದ್ಯವೃಂದಗಳಲ್ಲೂ ತುಂಬಿದ್ದ ಗೋವೆಯ ಸಂಗೀತಗಾರರಿಗೆ ಇಂಥ ಲಯಗಳೆಂದರೆ ಕೈಗೆ ಬಂದ ತುತ್ತು. ಆರ್. ಡಿ. ಬರ್ಮನ್ 1966ರ 'ಪತಿ ಪತ್ನಿ' ಚಿತ್ರದ ಹಾಡೊಂದಕ್ಕೆ ಇದೇ ಲಯ ಬಳಸಿದ್ದನ್ನು ಸಿನಿಮಾ ಸಂಗೀತದ ಅಭ್ಯಾಸಿಗಳು ಎತ್ತಿ ಹೇಳುತ್ತಾರೆ.

ಈ ಲಯದ ಗುಟ್ಟನ್ನು ತಿಳಿಯಲು ವಾದ್ಯವೇ ಬೇಡ, ಎರಡು ಕೈ, ಒಂದು ಕಾಲು ಸಾಕು. ಒಂದರಿಂದ ಹದಿನಾರರವರೆಗೆ ಸಮವಾಗಿ ಎಣಿಸಿರಿ. 1, 5, 9, 13 ಬಂದಾಗ ಕಾಲಿನಿಂದ ನೆಲ ತಟ್ಟಿರಿ. ಇನ್ನು ಕೈ: 1, 4, 7, 11, 14ಕ್ಕೆ ಚಪ್ಪಾಳೆ. ಕಾಲಿನದು ನಾಲ್ಕು ನಾಲ್ಕರ ನೇರ ನಡಿಗೆ. ಕೈಯದು 3, 3, 4, 3, 3 ಎಂಬ ಅಂತರದ ನಡಿಗೆ. ಎರಡರ ಮೊತ್ತವೂ ಹದಿನಾರೇ. ಆದರೆ ಇಡೀ ಆವರ್ತದಲ್ಲಿ ಕೈ ಮತ್ತು ಕಾಲು ಒಟ್ಟಿಗೆ ಬೀಳುವುದು ಒಂದನೆಯ ಎಣಿಕೆಯಲ್ಲಿ ಮಾತ್ರ. ಮಿಕ್ಕ ಹೊತ್ತೆಲ್ಲ ಕೈ ಕಾಲಿಗಿಂತ ಒಂದೆರಡು ಹೆಜ್ಜೆ ಮುಂದೆಯೋ ಹಿಂದೆಯೋ ಇರುತ್ತದೆ. ದೋಣಿಯಲ್ಲಿ ಕೂತಾಗಿನ ಆ ಓಲಾಟ ಹುಟ್ಟುವುದು ಇಲ್ಲಿಯೇ. ನಮ್ಮ ತೀನ್‌ತಾಲಕ್ಕೂ ಹದಿನಾರೇ ಮಾತ್ರೆ, ಆದರೆ ಅಲ್ಲಿ ವಿಭಾಗ ನಾಲ್ಕು ನಾಲ್ಕರದು. ಮೊದಮೊದಲು ಚಪ್ಪಾಳೆ ತಪ್ಪುತ್ತದೆ. ಹತ್ತು ಸಲ ಮಾಡಿದರೆ ಕೂಡಿಕೊಳ್ಳುತ್ತದೆ. ಕೂಡಿದ ಮೇಲೆ ನಿಲ್ಲಿಸುವುದು ಕಷ್ಟ.

ಕಾಫಿ ತೋಟಕ್ಕೆ ಹೋದ ಹಡಗು

ಜಪಾನಿಗೂ ಬ್ರೆಜಿಲ್ಲಿಗೂ ಎತ್ತಣ ಸಂಬಂಧ? ಭೂಗೋಳದ ಮೇಲೆ ಬೆರಳಿಟ್ಟು ನೋಡಿದರೆ ಒಂದು ಇನ್ನೊಂದರ ಬೆನ್ನಿಗಿದೆ. ಸಂಬಂಧ ಕೂಡಿದ್ದು ಹೊಟ್ಟೆಪಾಡಿನಿಂದ. ಬ್ರೆಜಿಲ್ 1888ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೆ ಅಲ್ಲಿನ ಕಾಫಿ ತೋಟಗಳಿಗೆ ಕೂಲಿಗಳು ಬೇಕಾದರು. ಜಪಾನಿನ ಹಳ್ಳಿಗಳಲ್ಲಿ ಬಡತನವಿತ್ತು. 1908ರ ಏಪ್ರಿಲ್ 28ರಂದು ಕೋಬೆ ಬಂದರಿನಿಂದ ಹೊರಟ 'ಕಸಾಟೊ ಮಾರು' ಎಂಬ ಹಡಗು 781 ಜಪಾನೀಯರನ್ನು ಹೊತ್ತು ಜೂನ್ 18ಕ್ಕೆ ಸಾಂತೋಸ್ ಬಂದರು ಮುಟ್ಟಿತು. ನಾಲ್ಕು ಕಾಸು ಕೂಡಿಸಿ ಊರಿಗೆ ಮರಳುವ ಆಸೆ ಹೆಚ್ಚಿನವರದು. ಹೆಚ್ಚಿನವರು ಮರಳಲಿಲ್ಲ. ಇಂದು ಜಪಾನಿನಿಂದ ಹೊರಗೆ ಜಪಾನೀ ಮೂಲದವರು ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೇಶ ಬ್ರೆಜಿಲ್.

ಚಕ್ರ ಮತ್ತೆ ತಿರುಗಿತು. ಜಪಾನ್ ಸಿರಿವಂತವಾಗಿ ಅಲ್ಲಿನ ಕಾರ್ಖಾನೆಗಳಿಗೆ ಕೈಗಳು ಸಾಲದಾದಾಗ 1990ರಲ್ಲಿ ವಲಸೆ ಕಾಯಿದೆಯನ್ನು ತಿದ್ದಿ, ಬ್ರೆಜಿಲ್ಲಿನಲ್ಲಿ ಹುಟ್ಟಿದ ಜಪಾನೀ ಸಂತತಿಯವರಿಗೆ ಬಾಗಿಲು ತೆರೆಯಲಾಯಿತು. ಅಜ್ಜ ಹೋದ ದಾರಿಯಲ್ಲೇ ಮೊಮ್ಮಕ್ಕಳು ಹಿಂದಕ್ಕೆ ಬಂದರು. ಮುಖ ಜಪಾನಿನದು, ಮಾತು ಪೋರ್ಚುಗೀಸ್, ಕಾಲಿನಲ್ಲಿ ಸಾಂಬಾ. ಕೊಲ್ಲಿಯಿಂದ ರಜೆಗೆ ಬಂದ ಮಕ್ಕಳು ಭಟ್ಕಳದ ಅಜ್ಜಿಮನೆಯಲ್ಲಿ ಅರ್ಧ ನೆಂಟರಾಗಿ ಅರ್ಧ ಮನೆಯವರಾಗಿ ಇರುವುದನ್ನು ಕಂಡವರಿಗೆ ಅವರ ಪಾಡನ್ನು ವಿವರಿಸಬೇಕಿಲ್ಲ.

ಹಾಗೆ ನೋಡಿದರೆ ಜಪಾನೀಯರಿಗೆ ಬ್ರೆಜಿಲ್ಲಿನ ಸಂಗೀತದ ಹುಚ್ಚು ಹಿಡಿದದ್ದು ಇದಕ್ಕೂ ಮೊದಲೇ. ಅಮೆರಿಕದಲ್ಲಿ ಜಾಝ್ ಕಲಿತು 1965ರಲ್ಲಿ ಮರಳಿದ ಸ್ಯಾಕ್ಸೊಫೋನ್ ವಾದಕ ಸದಾವೊ ವಟನಾಬೆ ತನ್ನ ದೇಶದವರಿಗೆ ಬೋಸಾ ನೋವಾದ ರುಚಿ ಹತ್ತಿಸಿದ. ಟೋಕಿಯೊದ ಅಸಾಕುಸಾ ಬಡಾವಣೆಯಲ್ಲಿ 1981ರಿಂದ ಸಾಂಬಾ ಮೆರವಣಿಗೆ ನಡೆದುಬಂದಿದೆ. ಸಾವೊ ಪಾವ್ಲೊ ನಗರದಲ್ಲಿ 1962ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಟೋಕಿಯೊಗೆ ಬಂದ ಲೀಸಾ ಓನೊ 1989ರಿಂದ ಬೋಸಾ ನೋವಾ ಹಾಡಿಯೇ ಹೆಸರು ಮಾಡಿದರು. ದಿ ಬೂಮ್ ಎಂಬ ತಂಡ 1995ರಲ್ಲಿ ಸಾಂಬಾ ಮೇಳದ ಮೇಲೆ ಕಟ್ಟಿದ ಜಪಾನೀ ಹಾಡು ಅಲ್ಲಿ ಬಹು ಜನಪ್ರಿಯವಾಯಿತು. ಸಂಗೀತಗಾರ ರ್ಯುಯಿಚಿ ಸಕಮೋಟೊ ರಿಯೊ ನಗರದಲ್ಲಿ ಜೊಬಿಮನ ಮನೆಗೇ ಹೋಗಿ, ಆತನ ಪಿಯಾನೊದ ಮುಂದೆ ಕೂತು, ಬ್ರೆಜಿಲ್ಲಿನ ಮೊರೆಲೆಂಬಾಂ ದಂಪತಿಗಳ ಜತೆ ನುಡಿಸಿದ ಧ್ವನಿಮುದ್ರಿಕೆ 2001ರಲ್ಲಿ ಹೊರಬಂತು. ಮನೆ ಎಂದೇ ಅದರ ಹೆಸರು. ಸಭೆಗಳಿಗೆ ತಡವಾಗಿ ಬರುವುದಕ್ಕೆ ಹೆಸರಾಗಿದ್ದ, ಕೆಮ್ಮಿದರೆ ಮುನಿಸಿಕೊಳ್ಳುತ್ತಿದ್ದ ಜೊವಾವ್ ಜಿಲ್ಬೆರ್ತೊ 72ನೆಯ ವಯಸ್ಸಿನಲ್ಲಿ, 2003ರಲ್ಲಿ ಮೊದಲ ಬಾರಿಗೆ ಜಪಾನಿಗೆ ಬಂದು ಹಾಡಿದಾಗ ಅಲ್ಲಿನ ಶ್ರೋತೃಗಳು ಉಸಿರು ಬಿಗಿಹಿಡಿದು ಕೇಳಿದರು. ಅದರ ಧ್ವನಿಮುದ್ರಿಕೆಯೂ ಇದೆ.

ಇದು ಮನುಷ್ಯರ ಮೂಲಕ ನಡೆದ ಕೊಡುಕೊಳೆ. ಕಾಸರಕೋಡದ ಪೆಂಡಾಲಿಗೆ ಬಂದದ್ದು ಇನ್ನೊಂದು ದಾರಿ, ಯಂತ್ರದ ದಾರಿ.

ಡಯೋಡುಗಳ ಮಗ್ಗ

ಇಕುಟಾರೊ ಕಕೆಹಾಶಿ ಎಂಬವರು 1930ರಲ್ಲಿ ಹುಟ್ಟಿದ್ದು ಒಸಾಕಾದಲ್ಲಿ. ಎಳವೆಯಲ್ಲೇ ತಂದೆತಾಯಿಯರು ಕ್ಷಯಕ್ಕೆ ಬಲಿಯಾದರು. ಹದಿನಾರರ ಪ್ರಾಯದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟ ಹುಡುಗನಿಗೂ ಮುಂದೆ ಅದೇ ಕಾಯಿಲೆ ಬಂದು ವರ್ಷಗಟ್ಟಲೆ ಆಸ್ಪತ್ರೆ ವಾಸ. ಬದುಕಿ ಎದ್ದು ಬಂದು ರೇಡಿಯೊ ಅಂಗಡಿ ನಡೆಸಿ, 1960ರಲ್ಲಿ ಏಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ತೆರೆದರು. ಆ ಕಾಲಕ್ಕೆ ಹೋಟೆಲುಗಳಲ್ಲಿ, ಸ್ಥಿತಿವಂತರ ಮನೆಗಳಲ್ಲಿ ಎಲೆಕ್ಟ್ರಿಕ್ ಆರ್ಗನ್ ನುಡಿಸುವವರಿಗೆ ತಾಳ ಹಿಡಿಯುವ ಸಂಗಾತಿ ಬೇಕಿತ್ತು. 1967ರಲ್ಲಿ ಕಕೆಹಾಶಿ ಹೊರತಂದ ಎಫ್‌ಆರ್-1 'ರಿದಂ ಏಸ್' ಅಂಥ ಸಂಗಾತಿ. ಅದರಲ್ಲಿ 16 ಸಿದ್ಧ ಲಯಗಳು, ಒಂದೊಂದಕ್ಕೆ ಒಂದೊಂದು ಗುಂಡಿ. ಆಗ ಜಗತ್ತೆಲ್ಲ ಲ್ಯಾಟಿನ್ ಕುಣಿತಗಳ ಗುಂಗಿನಲ್ಲಿದ್ದುದರಿಂದ ರುಂಬಾ, ಸಾಂಬಾ, ಬೋಸಾ ನೋವಾಗಳಿಗೂ ಅಲ್ಲಿ ಜಾಗ ಸಿಕ್ಕಿತು. ತಮಾಷೆಯೆಂದರೆ, ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿದರೆ ಎರಡು ಲಯಗಳು ಬೆರೆತು ಎಲ್ಲೂ ಇಲ್ಲದ ಮೂರನೆಯದೊಂದು ಕೇಳುತ್ತಿತ್ತು.

ಒಳಗಿನ ಏರ್ಪಾಟನ್ನು ಮಗ್ಗಕ್ಕೆ ಹೋಲಿಸಬಹುದು. ಅಡ್ಡಕ್ಕೆ ಎಣಿಕೆಯ ತಂತಿಗಳು, ಉದ್ದಕ್ಕೆ ವಾದ್ಯಗಳ ತಂತಿಗಳು. ಎಣಿಕೆ ಸಾಗಿದ ಹಾಗೆ ಅಡ್ಡ ತಂತಿಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ತು ಹರಿಯುತ್ತದೆ. ಯಾವ ಎಣಿಕೆಯಲ್ಲಿ ಯಾವ ವಾದ್ಯ ನುಡಿಯಬೇಕೋ ಆ ಕೂಡುದಾಣದಲ್ಲಿ ಒಂದು ಡಯೋಡ್, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ. ಡಯೋಡ್ ಇದ್ದಲ್ಲಿ ಪೆಟ್ಟು, ಇಲ್ಲದಲ್ಲಿ ಮೌನ. 3, 3, 4, 3, 3ರ ನಡಿಗೆ ಹೀಗೆ ಬೆಸುಗೆಯ ಚುಕ್ಕೆಗಳಾಗಿ ಕೂತುಬಿಟ್ಟಿತು. ನಗಾರಿಯ ಸದ್ದಿಗೆ ಬೇಗನೆ ಅಡಗುವ ಕೆಳಸ್ವರದ ಕಂಪನ. ಸಿಂಬಲ್ಲಿಗೆ, ರೇಡಿಯೊದಲ್ಲಿ ಸ್ಟೇಷನ್ ಸಿಗದಾಗ ಬರುವ 'ಸೊರ್' ಎಂಬ ಗದ್ದಲವನ್ನೇ ಕ್ಷಣಮಾತ್ರ ಬಿಟ್ಟು ತಡೆದರೆ ಆಯಿತು. ಬ್ರೆಜಿಲ್ಲಿನ ಬೀದಿಯ ಮೇಳವನ್ನು ಜಿಲ್ಬೆರ್ತೊ ಒಂದು ಗಿಟಾರಿಗೆ ಇಳಿಸಿದ್ದರೆ, ಒಸಾಕಾದ ಗಡಿಯಾರ ರಿಪೇರಿಯವರು ಅದನ್ನು ಒಂದು ಗುಂಡಿಗೆ ಇಳಿಸಿದರು. ಕಕೆಹಾಶಿ 1972ರಲ್ಲಿ ಸ್ಥಾಪಿಸಿದ ರೋಲ್ಯಾಂಡ್ ಕಂಪನಿ ಮುಂದೆ ಲೋಕಪ್ರಸಿದ್ಧವಾಯಿತು. ಅವರು ತೀರಿಕೊಂಡದ್ದು 2017ರಲ್ಲಿ.

ಇದನ್ನು ಬಡವರ ಮನೆ ಬಾಗಿಲಿಗೆ ತಂದದ್ದು ಮಾತ್ರ ಕ್ಯಾಸಿಯೊ. ಲೆಕ್ಕದ ಯಂತ್ರಗಳನ್ನು ಮಾಡುತ್ತಿದ್ದ ಕಾಶಿಯೊ ಸಹೋದರರ ಕಂಪನಿ ಅದು. ಕಾಶಿಯೊ ಎಂಬ ಮನೆತನದ ಹೆಸರೇ ಕ್ಯಾಸಿಯೊ ಆದದ್ದು. ಅವರ ಮೊದಲ ವಾದ್ಯ ಕ್ಯಾಸಿಯೊಟೋನ್ 201 ಬಂದದ್ದು 1980ರ ಜನವರಿಯಲ್ಲಿ, 29 ಬಗೆಯ ನಾದಗಳೊಂದಿಗೆ. ಅದರ ಹಿಂದೆಯೇ ಬಂದ ವಿಎಲ್-1 ಎಂಬ ಗೇಣುದ್ದದ ಸಾಧನ ಅರ್ಧ ಕ್ಯಾಲ್ಕುಲೇಟರು, ಅರ್ಧ ವಾದ್ಯ. ಅದರಲ್ಲಿದ್ದ ಲಯಗಳು ಹತ್ತು. ಅವುಗಳಲ್ಲಿ ಬೋಸಾ ನೋವಾ ಒಂದು, ಸಾಂಬಾ ಇನ್ನೊಂದು. 1981ರ ಎಂಟಿ-40 ವಾದ್ಯಕ್ಕೆ ಸಿದ್ಧ ಲಯಗಳನ್ನು ಹೆಣೆದವರು ಸಂಗೀತದಲ್ಲಿ ಪದವಿ ಪಡೆದು ಆಗತಾನೆ ಕೆಲಸಕ್ಕೆ ಸೇರಿದ್ದ ಹಿರೊಕೊ ಒಕುಡಾ ಎಂಬ ಯುವತಿ. ಅದರಲ್ಲಿದ್ದ 'ರಾಕ್' ಗುಂಡಿಯ ಧಾಟಿಯನ್ನು ಜಮೈಕಾದ ಹುಡುಗರು 1985ರಲ್ಲಿ ತಮ್ಮ ಹಾಡಿಗೆ ಬಳಸಿ ಅಲ್ಲಿನ ರೆಗ್ಗೆ ಸಂಗೀತದ ದಿಕ್ಕನ್ನೇ ಬದಲಿಸಿದರು. ಗುಂಡಿ ಮಾಡಿದವರಿಗೆ ಅದು ಎಲ್ಲಿ ಹೋಗಿ ಏನಾಗುತ್ತದೆಂದು ತಿಳಿಯದು, ಒತ್ತುವವರಿಗೆ ಅದು ಎಲ್ಲಿಂದ ಬಂತೆಂದು ತಿಳಿಯದು.

ಏಳರ ಲೆಕ್ಕ

ವಿಎಲ್-1ರ ಹತ್ತು ಲಯಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಎರಡು, ಮೂರು ಅಥವಾ ನಾಲ್ಕರ ಎಣಿಕೆಯವು. ಐದರದ್ದಿಲ್ಲ, ಏಳರದ್ದಿಲ್ಲ. ಆಗಿನ ಮನೆಬಳಕೆಯ ಕೀಬೋರ್ಡುಗಳ ಸ್ಥಿತಿ ಸಾಮಾನ್ಯವಾಗಿ ಇದೇ. ಯುರೋಪು, ಅಮೆರಿಕದ ಕುಣಿತಗಳನ್ನು ಮುಂದಿಟ್ಟುಕೊಂಡು ಮಾಡಿದ ಯಂತ್ರಕ್ಕೆ ಇದು ಕೊರತೆಯೇ ಅಲ್ಲ. ಆದರೆ ಕಾಸರಕೋಡದಿಂದ ತೆಂಕಣಕ್ಕೆ ಹೆದ್ದಾರಿಯಲ್ಲಿ ಸಾಗಿದರೆ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ. ಈ ಭಾಗದ ಕಿವಿ ಬೆಳೆದದ್ದು ಯಕ್ಷಗಾನದ ಪದಗಳನ್ನು ಕೇಳಿ. ಏಳಕ್ಷರದ ತ್ರಿವುಡೆಯನ್ನೋ ಹತ್ತಕ್ಷರದ ಝಂಪೆಯನ್ನೋ ಭಾಗವತರು ಎತ್ತಿದರೆ ಚಂಡೆ ಮದ್ದಳೆಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ, ಕೂತು ನೋಡುವ ಅಜ್ಜನ ಬೆರಳೂ ತೊಡೆಯ ಮೇಲೆ ಸರಿಯಾಗಿ ಬೀಳುತ್ತದೆ. ಭಜನೆಯಲ್ಲಿ 3, 2, 2ರ ರೂಪಕ್ ತಾಳದ ಪದಗಳು ಎಷ್ಟೋ ಇವೆ.

ಕ್ಯಾಸಿಯೊ ಭಜನಾ ಮಂಡಳಿಗೆ ಬಂದಾಗ ಆದ ಎಡವಟ್ಟು ಇದು. ಏಳರ ಹಾಡಿಗೆ ಗುಂಡಿ ಇಲ್ಲ. ಆದ್ದರಿಂದ ಏನಾಯಿತು? ಒಂದೋ ಆ ಹಾಡನ್ನು ಕೈಬಿಟ್ಟರು, ಇಲ್ಲವೇ ಪದಗಳ ಕೊನೆಯನ್ನು ಒಂದು ಮಾತ್ರೆ ಎಳೆದು ಏಳನ್ನು ಎಂಟು ಮಾಡಿ ನಾಲ್ಕರ ಚೌಕಟ್ಟಿಗೆ ತುರುಕಿದರು. ಕುಂಟುತ್ತ ನಡೆಯುವುದರಲ್ಲೇ ಚೆಲುವಿದ್ದ ಪದ ಕವಾಯತು ಮಾಡತೊಡಗಿತು. ಕೇಳಿ ಬೆಳೆದ ಮಕ್ಕಳಿಗೆ ಅದೇ ಸರಿಯಾದ ಧಾಟಿ ಎನಿಸಿತು. ಹಳೆಯ ಧಾಟಿ ಬಲ್ಲವರು ತೀರಿಕೊಂಡ ಮೇಲೆ ಅದನ್ನು ತಿದ್ದುವವರು ಯಾರು? ಬೋಸಾ ನೋವಾ ನಮ್ಮ ಪೆಂಡಾಲಿಗೆ ಬಂದುದರ ಬಗ್ಗೆ ಯಾರೂ ಮುಖ ಸಿಂಡರಿಸಬೇಕಿಲ್ಲ. ಹದಿನಾರರ ಭಾವಗೀತೆಗೆ ಅದು ಅಂದವಾಗಿ ಒಪ್ಪುತ್ತದೆ. ಪೆಟ್ಟಿಗೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲವೆಂಬಂತೆ ನಡೆದುಕೊಂಡದ್ದು ಮಾತ್ರ ನಮ್ಮದೇ ತಪ್ಪು.

ಸ್ವರದ ವಿಷಯವೂ ಉಂಟು. ಕೀಬೋರ್ಡು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಷಡ್ಜ ಸೆಕೆಂಡಿಗೆ 240 ಕಂಪನಗಳದ್ದಾದರೆ ತಂಬೂರಿಯ ಮೇಲೆ ಕಿವಿಯಿಟ್ಟು ಹಾಡುವವರ ಶುದ್ಧ ಗಾಂಧಾರ 300ಕ್ಕೆ ನಿಲ್ಲುತ್ತದೆ. ಕೀಬೋರ್ಡಿನದು 302.4. ಎರಡೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಬಾರಿಗಿಂತ ತುಸು ಹೆಚ್ಚು ಏರಿಳಿಯುವ ಅಲೆ ಎದ್ದು ಕಿವಿಗೆ ಕಿರಿಕಿರಿ. ಪಂಚಮದ ವಿಷಯದಲ್ಲಿ ಅಷ್ಟು ತಕರಾರಿಲ್ಲ. 360 ಇರಬೇಕಾದಲ್ಲಿ 359.6. ಇದು ಹೊಸ ಜಗಳವೇನಲ್ಲ. ಹಾರ್ಮೋನಿಯಮ್ಮಿಗೂ ಇಂಥದೇ ಆರೋಪ ಹೊರಿಸಿ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಅದೇ ಹಾರ್ಮೋನಿಯಂ ಇಲ್ಲದೆ ಉತ್ತರ ಕನ್ನಡದಲ್ಲಿ ಒಂದು ಸಂಗೀತದ ಬೈಠಕ್ಕನ್ನು ಊಹಿಸಲಾಗದು. ವಾದ್ಯವನ್ನೇ ತಮಗೆ ಬೇಕಾದಂತೆ ಮಣಿಸಿಕೊಂಡವರೂ ಇದ್ದಾರೆ. ನಮ್ಮ ನೆರೆಯ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949-2019) ಸ್ಯಾಕ್ಸೊಫೋನಿನಲ್ಲಿ ಗಮಕ ಹೊರಡಿಸಲು ಅದರ ಅಂಗಾಂಗಗಳನ್ನೇ ಮಾರ್ಪಡಿಸಿಕೊಂಡರು. ಕೀಬೋರ್ಡಿನವರಿಗೆ ಆ ಅನುಕೂಲ ಕಡಿಮೆ. ಸ್ವರ ಜಾರಿಸುವ ಚಕ್ರವೊಂದು ಎಡಬದಿಗೆ ಇರುತ್ತದೆ. ಅದರ ಮೇಲೆ ಹೆಬ್ಬೆರಳಿಟ್ಟು ಮೀಂಡ್ ತೆಗೆಯುವ ಚಾಲಾಕಿ ಹುಡುಗರು ನಮ್ಮಲ್ಲಿದ್ದಾರೆ.

ಇನ್ನು ತಬಲಾ, ಢೋಲಕಿಯವರ ಪಾಡು. 1980ರ ದಶಕದ ಕೊನೆಗೆ ರಸಮಂಜರಿ ತಂಡಗಳ ಚೇರಾಪಟ್ಟಿ ಬದಲಾಯಿತು. ಹಂಸಲೇಖ ಸಂಗೀತದ 'ಪ್ರೇಮಲೋಕ' ಬಂದದ್ದು 1987ರಲ್ಲಿ. ಅಂಥ ಹಾಡುಗಳನ್ನು ಕೇಳಬಯಸಿದ ಜನರೆದುರು ಕೀಬೋರ್ಡಿಲ್ಲದೆ ನಿಲ್ಲುವುದು ಕಷ್ಟವಾಯಿತು. ಮದುವೆ ಮನೆಯವರು ಒಂದು ಜೀಪಿನಲ್ಲಿ ಹಿಡಿಯುವಷ್ಟೇ ಜನ ಬರಲಿ ಎಂದರೆ ಮೊದಲು ಇಳಿಯುತ್ತಿದ್ದವನು ತಾಳವಾದ್ಯದವ. ಗುಂಡಿ ಊಟ ಕೇಳುವುದಿಲ್ಲ, ಸಂಭಾವನೆ ಕೇಳುವುದಿಲ್ಲ. ಕೆಲವರು ಬೇರೆ ಉದ್ಯೋಗ ಹಿಡಿದರು. ಕೆಲವರು 1985ರಲ್ಲಿ ರೋಲ್ಯಾಂಡ್ ಹೊರತಂದ ಆಕ್ಟಪ್ಯಾಡಿನ ಕಡೆಗೆ ತಿರುಗಿದರು. ಎಂಟು ಚೌಕಗಳ ರಬ್ಬರಿನ ಹಲಗೆ, ಕೋಲಿನಿಂದ ಹೊಡೆದರೆ ಬೇಕಾದ ವಾದ್ಯದ ನಾದ. ಊರವರ ಬಾಯಲ್ಲಿ 'ಪ್ಯಾಡು'. ಬೆರಳ ತುದಿಯಲ್ಲಿದ್ದ ವಿದ್ಯೆಯನ್ನು ಮಣಿಕಟ್ಟಿಗೆ ಸಾಗಿಸಿ ಅದನ್ನು ಒಲಿಸಿಕೊಂಡವರ ಕೌಶಲ ದೊಡ್ಡದು. ಅದೂ ಜಪಾನಿನದೇ, ಆದರೆ ಗುಂಡಿಗೂ ಪ್ಯಾಡಿಗೂ ಒಂದು ಅಂತರವಿದೆ. ಪ್ಯಾಡಿನಲ್ಲಿ ಏಳೂ ಬರುತ್ತದೆ, ಐದೂ ಬರುತ್ತದೆ. ಹೊಡೆಯುವವನಿಗೆ ಗೊತ್ತಿದ್ದರೆ ಸರಿ.

ಕಂಪನಿಗಳೂ ಕಿವಿಗೊಟ್ಟವು ಎನ್ನಬೇಕು. ಭಾರತಕ್ಕೆಂದೇ ಯಮಹಾ ಹೊರತಂದ ಪಿಎಸ್‌ಆರ್-ಐ ಮಾಲಿಕೆಯ ಕೀಬೋರ್ಡುಗಳಲ್ಲಿ ತಂಬೂರಿ, ತಬಲಾಗಳ ನಾದ, ನಮ್ಮ ಠೇಕಾಗಳು ಸೇರಿಕೊಂಡಿವೆ. ಕ್ಯಾಸಿಯೊ ಕೂಡ ಇಂಥ ಮಾದರಿಗಳನ್ನು ಮಾಡಿತು. ಅಂದಮೇಲೆ ಬೋಸಾ ನೋವಾದ ಪಕ್ಕದ ಗುಂಡಿಯಲ್ಲಿ ಈಗ ಕೆಹರ್ವಾ, ದಾದ್ರಾಗಳೂ ಕೂತಿವೆ. ತ್ರಿವುಡೆಯನ್ನು ಮಾತ್ರ ಯಾವ ಕಂಪನಿಯೂ ಪೆಟ್ಟಿಗೆಗೆ ಹಾಕಿದಂತಿಲ್ಲ. ಚಂಡೆ ಮದ್ದಳೆಯವರು ಅದಕ್ಕಾಗಿ ಬೇಸರಪಟ್ಟುಕೊಂಡಿರಲಾರರು.

ಗಾಳಿಮರದ ತೋಪಿನಿಂದ ಬೀಸುವ ಉಪ್ಪುಗಾಳಿ ಇಂಥ ವಾದ್ಯಗಳಿಗೆ ಒಗ್ಗುವುದಿಲ್ಲ. ಮೂರು ಮಳೆಗಾಲ ಕಂಡ ಕೀಬೋರ್ಡಿನಲ್ಲಿ ಮನೆಗಳ ಅಡಿಯ ಕರಿ ರಬ್ಬರಿನ ಸಂಪರ್ಕ ಕೆಟ್ಟು ಎರಡು ಸ್ವರಗಳಾದರೂ ಮೂಕಾಗಿರುತ್ತವೆ. ರಿಪೇರಿಯವರು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿ ಕೊಡುತ್ತಾರೆ. ಅನುಭವಸ್ಥ ಹುಡುಗ ಆ ಎರಡು ಸ್ವರಗಳನ್ನು ತಪ್ಪಿಸಿಯೇ ಒಂದು ಹಬ್ಬ ಮುಗಿಸಬಲ್ಲ. ಪೆಂಡಾಲಿನಲ್ಲಿ ಭಾವಗೀತೆಗಳೆಲ್ಲ ಆಗಿ, ಚಿತ್ರಗೀತೆಗಳೂ ಆಗಿ, ಮಂಗಳಾರತಿಗೆ ಮುಂಚೆ ಹಿರಿಯರೊಬ್ಬರು ವೇದಿಕೆಗೆ ಬಂದು ಹಳೆಯದೊಂದು ದೇವರನಾಮ ಎತ್ತಿಕೊಳ್ಳುತ್ತಾರೆ. ಹುಡುಗ ವಾಡಿಕೆಯಂತೆ ಎಡಗೈ ಗುಂಡಿಯ ಮೇಲಿಟ್ಟು ಮೊದಲ ಸಾಲಿಗೆ ಕಿವಿಗೊಡುತ್ತಾನೆ. 3, 2, 2. ಕೈ ಹಿಂದಕ್ಕೆ ತೆಗೆದು, ಮಗ್ಗುಲಲ್ಲಿ ಕೂತ ತಬಲಾದವರ ಕಡೆ ನೋಡುತ್ತಾನೆ. ಅವರು ಆಗಲೇ ಸುತ್ತಿಗೆಯಿಂದ ತಬಲೆಯ ಶ್ರುತಿ ಕೂಡಿಸುತ್ತಿರುತ್ತಾರೆ.